ಕೋಟೆ ಟಿಕೆಟ್ 25 ರೂಪಾಯಿ: ನೆಂಟರಿಗೆ ಅಗ್ಗ, ಊರಿನವರಿಗೆ ಅಷ್ಟು ಅಗ್ಗವಲ್ಲ

ಚಿತ್ರದುರ್ಗದಲ್ಲಿ ಮನೆ ಇದ್ದವರಿಗೆ ಒಂದು ಕೆಲಸ ತಪ್ಪಿದ್ದಲ್ಲ. ಬಂದ ನೆಂಟರಿಗೆ ಕೋಟೆ ತೋರಿಸಬೇಕು. ದಾವಣಗೆರೆಯಿಂದ ನಾದಿನಿ ಮನೆಯವರು ಬಂದರೂ ಅಷ್ಟೇ, ಹುಬ್ಬಳ್ಳಿಯಿಂದ ಬೀಗರು ಬಂದರೂ ಅಷ್ಟೇ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ "ಬಿಸಿಲು ಇಳಿದ ಮೇಲೆ ಓಬವ್ವನ ಕಿಂಡಿ ನೋಡ್ಕೊಂಡು ಬರೋಣ್ವಾ ಅತ್ತಿಗೆ" ಅನ್ನುವ ಮಾತು ಬಂದೇ ಬರುತ್ತದೆ. ಅವರಿಗೆ ದಾರಿ ಗೊತ್ತಿಲ್ಲ, ಜೊತೆಗೆ ನಾವು ಹೋಗಲೇಬೇಕು. ಟಿಕೆಟ್ ದುಡ್ಡನ್ನು ನೆಂಟರ ಕೈಯಲ್ಲಿ ಕೊಡಿಸುವುದಕ್ಕೂ ಆಗಲ್ಲ.

ದರ ಇಷ್ಟು. ನಮ್ಮ ದೇಶದವರಿಗೆ ತಲೆಗೆ 25 ರೂಪಾಯಿ, ಫೋನಿನಲ್ಲಿ ಕಟ್ಟಿದರೆ 20. ವಿದೇಶದವರಿಗೆ 300, ಫೋನಿನಲ್ಲಾದರೆ 250. 15 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಕೋಟೆ ಕೇಂದ್ರದ ಪುರಾತತ್ವ ಇಲಾಖೆಗೆ ಸೇರಿದ್ದು, ಹಾಗಾಗಿ ದರ ದೆಹಲಿಯಲ್ಲಿ ನಿಗದಿಯಾಗುತ್ತದೆ. 2016ರ ತನಕ ಇದೇ ಟಿಕೆಟ್ 5 ರೂಪಾಯಿ ಇತ್ತು. ಆ ವರ್ಷ 15 ಆಯಿತು, 2018ರಲ್ಲಿ 25 ಆಯಿತು. ಎರಡೇ ವರ್ಷದಲ್ಲಿ ಐದು ಪಟ್ಟು! ಆದರೂ ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿಯ ದುಡ್ಡು ಅಂತ ಯಾರೂ ತಕರಾರು ಮಾಡಲಿಲ್ಲ.

ಆ 25 ರೂಪಾಯಿಗೆ ಸಿಗುವುದು ಕಡಿಮೆಯೇನಲ್ಲ. ಅವಸರ ಮಾಡದೆ ನೋಡಿದರೆ ಅರ್ಧ ದಿನ ಬೇಕು. ಮದ್ದು ಬೀಸುತ್ತಿದ್ದ ದೊಡ್ಡ ಬೀಸುಕಲ್ಲುಗಳ ಹತ್ತಿರ ಮಕ್ಕಳು ನಿಂತುಬಿಡುತ್ತಾರೆ, ಕರೆದರೂ ಬರಲ್ಲ. ಏಕನಾಥೇಶ್ವರಿ ಗುಡಿ, ಸಂಪಿಗೆ ಸಿದ್ದೇಶ್ವರ, ಹಿಡಿಂಬೇಶ್ವರ ಅಂತ ಮೇಲೆ ಹತ್ತುತ್ತಾ ಹೋದ ಹಾಗೆ ದೊಡ್ಡವರ ಮಾತು ಕಡಿಮೆಯಾಗಿ ಉಸಿರು ಜಾಸ್ತಿಯಾಗುತ್ತದೆ. ನನಗೆ ಇಷ್ಟವಾದದ್ದು ಹೊಂಡಗಳು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಆಮೇಲೆ ಊರೊಳಗಿನ ಸಂತೆಹೊಂಡ. ಮಳೆ ಕಡಿಮೆ ಬೀಳುವ ಊರಿನಲ್ಲಿ, ಬಂಡೆಯ ಮೇಲೆ ಬಿದ್ದ ನೀರನ್ನು ಹೀಗೆ ಒಂದರಿಂದ ಒಂದಕ್ಕೆ ಹರಿಸಿ ಹಿಡಿದಿಟ್ಟಿದ್ದಾರೆ. ಕೋಟೆಗೆ ಬಂದವರಲ್ಲಿ ಹೆಚ್ಚಿನವರು ಇದನ್ನು ನೋಡದೇ ಹೋಗುತ್ತಾರೆ. ಎಲ್ಲರಿಗೂ ಕಿಂಡಿಯದೇ ಅವಸರ. ತಣ್ಣೀರು ದೋಣಿ ತೋರಿಸಿ, ನೀರಿಗೆ ಬಂದ ಓಬವ್ವನ ಕಥೆ ಹೇಳಿ ಮುಗಿಸುವ ಮೊದಲೇ ನಮ್ಮ ದೊಡ್ಡ ಭಾವ ಕಿಂಡಿಯೊಳಗೆ ಅರ್ಧ ತೂರಿರುತ್ತಾರೆ. ಹೊರಗೆ ಉಳಿದ ಅರ್ಧ ನೋಡಿ ಮಕ್ಕಳಿಗೆ ಒನಕೆ ನೆನಪಾಗುತ್ತದೆ.

ನೆಂಟರಿಗೆ ಇದು ಮೊದಲನೇ ಸಲ. ಅವರ 25 ರೂಪಾಯಿ ಪೂರಾ ವಸೂಲಿ. ನಾನು? ಯಾವ ಮೆಟ್ಟಿಲು ಸವೆದಿದೆ, ಯಾವ ತಿರುವಿನಲ್ಲಿ ಕೋತಿಗಳು ಕೈಚೀಲಕ್ಕೆ ಕೈ ಹಾಕುತ್ತವೆ ಅಂತ ಬಾಯಿಪಾಠ ಆಗಿರುವವಳು. ನನ್ನ ಟಿಕೆಟ್ಟಿಗೂ ಅದೇ ದರ. ಬೇಸಿಗೆ ರಜೆ, ದಸರಾ, ಮದುವೆ ಸೀಸನ್ ಅಂತ ವರ್ಷಕ್ಕೆ ಲೆಕ್ಕ ಹಾಕಿದರೆ ನಮ್ಮ ಮನೆಯವರ ಪಾಲೇ ಸುಮಾರಾಗುತ್ತದೆ. ಕೌಂಟರಿನ ದರಪಟ್ಟಿಯಲ್ಲಿ ವಿದೇಶದವರ ಸಾಲು ಇದೆ, ಮಕ್ಕಳ ಸಾಲು ಇದೆ, ಪದೇ ಪದೇ ಬರುವ ಊರಿನವರ ಸಾಲು ಮಾತ್ರ ಇಲ್ಲ.

ದುಡ್ಡು ಮಾಡುವುದಕ್ಕೇ ಕಟ್ಟಿದ ಪಾರ್ಕುಗಳು ಈ ವಿಷಯದಲ್ಲಿ ಭಲೇ ಲೆಕ್ಕಸ್ಥರು. ಬಿಡದಿಯ ಹತ್ತಿರದ ವಂಡರ್‌ಲಾ ತಗೊಳ್ಳಿ. ವಾರದ ದಿನಕ್ಕೆ ಒಂದು ದರ, ಶನಿವಾರ ಭಾನುವಾರಕ್ಕೆ ಇನ್ನೊಂದು. ಕ್ಯೂ ತಪ್ಪಿಸಬೇಕಾದರೆ ಅದಕ್ಕೆ ಬೇರೆ ಟಿಕೆಟ್. ಅಲ್ಲಿ ಮಕ್ಕಳ ಟಿಕೆಟ್ಟಿಗೆ ವಯಸ್ಸು ಕೇಳಲ್ಲ, ಎತ್ತರ ಅಳೆಯುತ್ತಾರೆ. 85 ಸೆಂಟಿಮೀಟರಿಗಿಂತ ಕುಳ್ಳಗಿದ್ದರೆ ಪುಕ್ಕಟೆ, 140 ದಾಟಿದರೆ ದೊಡ್ಡವರ ದರ. ನನ್ನ ಅಣ್ಣನ ಮಗ ಇನ್ನೂ ಹೈಸ್ಕೂಲಿಗೆ ಕಾಲಿಟ್ಟಿಲ್ಲ, ಆಗಲೇ ಅವರಮ್ಮನ ಎತ್ತರ ಬೆಳೆದಿದ್ದಾನೆ. ಬಿಡದಿಯಲ್ಲಿ ಅವನು ದೊಡ್ಡವನು, ದುರ್ಗದಲ್ಲಿ ಚಿಕ್ಕವನು. "ಅತ್ತೆ, ನಿಮ್ಮೂರೇ ವಾಸಿ" ಅಂತಾನೆ.

ಇನ್ನು ವರ್ಷದ ಪಾಸ್, ಅಂದರೆ ಒಂದು ಸಲ ದುಡ್ಡು ಕಟ್ಟಿ ವರ್ಷದಲ್ಲಿ ಹಲವು ಸಲ ಬರುವುದು. ಪಾರ್ಕಿನವರಿಗೆ ಇದು ಧರ್ಮದ ಕೆಲಸ ಏನಲ್ಲ. ಮಂಗಳವಾರ ಖಾಲಿ ತಿರುಗುವ ತೊಟ್ಟಿಲಿಗೂ ಕರೆಂಟ್ ಬೇಕು, ಕೆಲಸದವರಿಗೆ ಸಂಬಳ ಬೇಕು. ಪಾಸ್ ಇದ್ದವರು ಅಂಥ ದಿನ ಬಂದರೆ ಟಿಕೆಟ್ ದುಡ್ಡು ಬರದಿದ್ದರೂ ಊಟ, ಐಸ್‌ಕ್ರೀಮ್, ಲಾಕರ್ ಅಂತ ಏನಾದರೂ ಖರ್ಚು ಮಾಡುತ್ತಾರೆ. ಪಾಸ್ ಕೊಂಡು ಬಾರದೇ ಉಳಿದವರ ದುಡ್ಡು ಪೂರ್ತಿ ಲಾಭ. ಜನ ಮುಗಿಬೀಳುವ ದಿನಗಳಿಗೆ ಪಾಸ್ ನಡೆಯಲ್ಲ ಅಂತ ಮೊದಲೇ ಬರೆದಿರುತ್ತಾರೆ. ಅಮೆರಿಕದ ಡಿಸ್ನಿಲ್ಯಾಂಡ್ ತನ್ನ ಹಳೇ ವರ್ಷದ ಪಾಸನ್ನು 2021ರಲ್ಲಿ ನಿಲ್ಲಿಸಿ, ಅದೇ ವರ್ಷ ಮ್ಯಾಜಿಕ್ ಕೀ ಅಂತ ಹೊಸದು ತಂದಿತು. ಅದರಲ್ಲಿ ಪಾಸ್ ಕೈಯಲ್ಲಿದ್ದರೂ ಬರುವ ದಿನವನ್ನು ಮುಂಚೆ ಬುಕ್ ಮಾಡಬೇಕು. ಅಗ್ಗದ ಪಾಸಿಗೆ ಮುಚ್ಚಿದ ದಿನಗಳು ಜಾಸ್ತಿ.

ದುರ್ಗಕ್ಕೆ ಆ ಮಾದರಿ ಹಾಗೆಯೇ ಹೊಂದಲ್ಲ. ಭಾನುವಾರ ನಡೆಯದ ಪಾಸ್ ಇಟ್ಟುಕೊಂಡು ನಾನೇನು ಮಾಡಲಿ? ನೆಂಟರು ಬರುವುದೇ ಭಾನುವಾರ. ಒಳಗೆ ಲಾಕರೂ ಇಲ್ಲ, ತೊಟ್ಟಿಲೂ ಇಲ್ಲ, ನನ್ನಿಂದ ಬೇರೆ ವ್ಯಾಪಾರ ಆಗುವ ಹಾಗಿಲ್ಲ. ನಾನು ಕೇಳುವುದು ಇಷ್ಟೇ. ಆಧಾರ್‌ನಲ್ಲಿ ದುರ್ಗದ ವಿಳಾಸ ಇದ್ದವರಿಗೆ ವರ್ಷಕ್ಕೆ 200 ರೂಪಾಯಿಯ ಒಂದು ಕಾರ್ಡ್, ಎಲ್ಲ ದಿನವೂ ನಡೆಯಬೇಕು. ನಾನು ಒಂದು ಸಲ ಬಂದರೆ ನನ್ನ ಹಿಂದೆ ಟಿಕೆಟ್ ಕೊಳ್ಳುವವರು ನಾಲ್ಕೈದು ಜನ ಇರುತ್ತಾರೆ. ಇಲಾಖೆಗೆ ಲುಕ್ಸಾನು ಎಲ್ಲಿಂದ ಬಂತು?

ನಮ್ಮ ಮನೆಯವರದು ಬೇರೆ ವಾದ. ಸರ್ಕಾರಕ್ಕೆ 25 ರೂಪಾಯಿ ಕೊಡುವುದಕ್ಕೆ ಹಿಂದೆಮುಂದೆ ನೋಡುವವಳು ಬಿಡದಿಯಲ್ಲಿ ಸಾವಿರದ ಮೇಲೆ ಹೇಗೆ ಕೊಟ್ಟೆ ಅಂತ ಕೇಳುತ್ತಾರೆ. ಕೊಟ್ಟೆ, ನಿಜ. ಅಲ್ಲಿಗೆ ಯಾವಾಗಲೋ ಒಮ್ಮೆ ಹೋಗುವುದು. ಇಲ್ಲಿ ಹಾಗಲ್ಲ. ದುಡ್ಡು ಸಣ್ಣದು, ಆದರೆ ಟಿಕೆಟ್ ಇಲ್ಲದಿದ್ದರೆ ನಾನು ಸುಮ್ನೆ ಸಂಜೆ ಒಬ್ಬಳೇ ಹೋಗಿ ಅಕ್ಕ ತಂಗಿ ಹೊಂಡದ ಹತ್ತಿರ ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆ. ಕಾಲು ಗಂಟೆ ಕೂರುವುದಕ್ಕೆ ಟಿಕೆಟ್ ತೆಗೆಸಲು ಮನಸ್ಸು ಬರಲ್ಲ.

ಪಾಸ್ ಬರುವ ತನಕ ನನ್ನ ಹತ್ತಿರ ಇರುವ ಉಪಾಯ ಪುಕ್ಕಟೆ ದಿನಗಳು. ಮಾರ್ಚ್ 8ರಂದು ಹೆಂಗಸರಿಗೆ ಟಿಕೆಟ್ ಇಲ್ಲ. ಏಪ್ರಿಲ್ 18 ಮತ್ತು ನವೆಂಬರ್ 19ರಂದು ಯಾರಿಗೂ ಇಲ್ಲ. ಏಪ್ರಿಲಿನಲ್ಲಿ ಹೋಗುವವರು ಬೆಳಿಗ್ಗೆಯೇ ಹೋಗಿ, ಹತ್ತು ಗಂಟೆಯ ಮೇಲೆ ಬಂಡೆಯ ಮೇಲೆ ಕಾಲಿಡುವ ಹಾಗಿರಲ್ಲ. ಬುತ್ತಿಯ ಚೀಲ ಬೇಡ, ಕೋತಿಗಳು ಬಿಡಲ್ಲ. ನೀರಿನ ಬಾಟಲಿ ಮರೆಯಬೇಡಿ. ಮೊಣಕಾಲು ನೋವಿನವರು ಏಕನಾಥೇಶ್ವರಿ ಗುಡಿ ತನಕ ನಿಧಾನವಾಗಿ ಹತ್ತಿ ಅಲ್ಲೇ ಕೂತುಕೊಳ್ಳಲಿ. ಗೈಡ್ ಬೇಕಿದ್ದರೆ ರೇಟನ್ನು ಬಾಗಿಲಲ್ಲೇ ಮಾತಾಡಿಕೊಳ್ಳಿ, ಹೊಂಡಗಳನ್ನೂ ತೋರಿಸಬೇಕು ಅಂತ ಆಗಲೇ ಹೇಳಿಬಿಡಿ.