ಅಮ್ಮನ ವಾಕಿಂಗ್‌ಗೆ ತಂದ ರಿಫ್ಲೆಕ್ಟಿವ್ ವೆಸ್ಟ್, ಫುಟ್‌ಪಾತ್ ಇಲ್ಲದ ಏರಿಯಾದಲ್ಲಿ ಒಂದು ಚಳಿಗಾಲ ಬಳಸಿದ ಮೇಲೆ

ಅಮ್ಮ ಅಕ್ಟೋಬರ್ ಕೊನೇಲಿ ಸಿಯಾಟಲ್‌ಗೆ ಬಂದ್ರು, ಆರು ತಿಂಗಳಿಗೆ ಅಂತ. ತೀರ್ಥಹಳ್ಳಿ ಕಡೆಯವರು, ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ನಡೆದಿಲ್ಲ ಅಂದ್ರೆ ಮಂಡಿ ಹಿಡ್ಕೊಳ್ಳುತ್ತೆ, ಶುಗರ್ ಬೇರೆ ಏರುತ್ತೆ. ನಮ್ಮ ಮನೆ ಇರೋದು ಸಿಟಿಯ ಉತ್ತರಕ್ಕೆ, ಬ್ರಾಡ್‌ವ್ಯೂ ಕಡೆ. ಮನೆ ಮುಂದಿನ ಹುಲ್ಲು ದಾಟಿದ್ರೆ ಸೀದಾ ಡಾಂಬರ್ ರಸ್ತೆ, ಮಧ್ಯೆ ಫುಟ್‌ಪಾತ್ ಅನ್ನೋದೇ ಇಲ್ಲ, ಕೆಲವು ಕಡೆ ಅಂಚಲ್ಲಿ ಜಲ್ಲಿ, ಕೆಲವು ಕಡೆ ತೆರೆದ ಚರಂಡಿ, ಉಳಿದ ಕಡೆ ಜನ ಕಾರು ನಿಲ್ಲಿಸಿರ್ತಾರೆ. ಮೊದಲನೇ ದಿನ ಅಮ್ಮ ರಸ್ತೆ ಅಂಚಲ್ಲಿ ನಿಂತು ಆ ಕಡೆ ಈ ಕಡೆ ನೋಡಿ "ಇಷ್ಟ್ ದೊಡ್ಡ ದೇಶ ಕಟ್ಟಿದಾರೆ, ಮನುಷ್ಯ ಕಾಲಿಡೋಕೆ ಎರಡಡಿ ಜಾಗ ಬಿಟ್ಟಿಲ್ವಲ್ಲೋ ಮಗಾ" ಅಂದ್ರು. ನನಗೆ ಉತ್ತರ ಹೊಳೀಲಿಲ್ಲ.

ಅದಕ್ಕೇ ಈ ವೆಸ್ಟ್ ತಗೊಂಡಿದ್ದು. ಇಲ್ಲೇ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ 18 ಡಾಲರ್, ಜೊತೆಗೆ ಜಾಕೆಟ್ಟಿಗೆ ಸಿಕ್ಕಿಸೋ ಒಂದು ಪುಟ್ಟ ಲೈಟು 9 ಡಾಲರ್. ರಸ್ತೆ ಕೆಲಸದವರು ಹಾಕೋ ಅದೇ ಗಿಳಿಹಸಿರು ಹಳದಿ ಬಣ್ಣದ್ದು, ಎದೆ ಮೇಲೆ ಬೆನ್ನ ಮೇಲೆ ಬೂದು ಪಟ್ಟಿ, ಒಳಗಿನ ಲೇಬಲ್ ಮೇಲೆ ಎಎನ್‌ಎಸ್‌ಐ 107 ಕ್ಲಾಸ್ 2 ಅಂತ ಇದೆ, ದೂರದಿಂದ ಎದ್ದು ಕಾಣೋ ಬಟ್ಟೆಗೆ ಅಮೆರಿಕದಲ್ಲಿರೋ ಮಾನದಂಡ ಅದು. ತಗೊಳ್ಳೋವಾಗ ಆ ಲೇಬಲ್ ಇದೆಯಾ ಅಂತ ದಯವಿಟ್ಟು ನೋಡಿ. ಬರೀ ಹಳದಿ ಬಟ್ಟೆಗೆ ಹೊಳೆಯೋ ಟೇಪ್ ಅಂಟಿಸಿದ್ದು ಐದಾರು ಡಾಲರಿಗೆ ಸಿಗುತ್ತೆ, ನಾನು ಮೊದಲು ಅದನ್ನೇ ತಂದಿದ್ದೆ, ಎರಡೇ ಒಗೆತಕ್ಕೆ ಟೇಪ್ ಸುಲಿದು ಕೈಗೆ ಬಂತು.

ವೆಸ್ಟ್ ನಿಜವಾಗ್ಲೂ ಕೆಲಸ ಮಾಡುತ್ತಾ ಅಂತ ಒಂದು ಸಂಜೆ ನಾನೇ ನೋಡಿದೆ. ಡಿಸೆಂಬರ್‌ನಲ್ಲಿ ಇಲ್ಲಿ 4:20ಕ್ಕೆಲ್ಲಾ ಸೂರ್ಯ ಮುಳುಗಿಬಿಡುತ್ತೆ, ಬೆಳಿಗ್ಗೆ ಹುಟ್ಟೋದು 8 ಗಂಟೆ ಹತ್ರ, ಅಂದ್ರೆ ಎರಡು ವಾಕಿಂಗೂ ಕತ್ತಲಲ್ಲೇ. ನಾನು ಕಾರನ್ನ ರಸ್ತೆಯ ಆ ತುದಿಗೆ ತಗೊಂಡೋಗಿ ಲೋ ಬೀಮ್ ಹಾಕ್ಕೊಂಡು ನಿಧಾನಕ್ಕೆ ಬಂದೆ, ಹೆಂಡತಿ ಅಮ್ಮನ ಜೊತೆ ಮನೆ ಮುಂದಿನ ಹುಲ್ಲಲ್ಲಿ ನಿಂತಿದ್ಲು. ಅಮ್ಮ ಬರೀ ಕಪ್ಪು ಜಾಕೆಟ್ಟಲ್ಲಿದ್ದಾಗ ಪಕ್ಕದ ಮನೆವರೆಗೂ ಬಂದ್ರೂ ನನಗೆ ಕಾಣಿಸ್ಲಿಲ್ಲ, ಕಂಡಿದ್ದೂ ಮೊದಲು ಸೀರೆ ಅಂಚಿನ ಜರಿ, ಆಮೇಲೆ ಮನುಷ್ಯರು. ಇನ್ನೊಂದು ಸುತ್ತು ವೆಸ್ಟ್ ಹಾಕಿಸಿ ಬಂದೆ, ರಸ್ತೆ ತುದಿ ತಿರುಗಿದ ಕೂಡ್ಲೇ ಎರಡು ಬಿಳಿ ಪಟ್ಟಿ ದೀಪ ಹಚ್ಚಿದ ಹಾಗೆ ಎದ್ದು ಕಾಣ್ತು. ಆ ಪಟ್ಟಿಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿ ಇರುತ್ತೆ, ಬೆಳಕು ಎಲ್ಲಿಂದ ಬಂತೋ ತಿರುಗಿ ಅಲ್ಲಿಗೇ ಕಳಿಸುತ್ತೆ, ಅದಕ್ಕೇ ಕಾರೊಳಗೆ ಕೂತವರಿಗೆ ಅಷ್ಟು ಹೊಳೆಯುತ್ತೆ, ಪಕ್ಕದಲ್ಲಿ ನಿಂತವರಿಗೆ ಬರೀ ಬೂದು ಬಟ್ಟೆ. ಕಪ್ಪು ಜಾಕೆಟ್ಟಲ್ಲಿ ಹಿಂದಿನ ಮೂರು ವಾರ ಅಮ್ಮನ್ನ ಒಬ್ಬರೇ ಕಳಿಸಿದ್ನಲ್ಲ ಅಂತ ಅವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಈಗ ತೊಂದರೆಗಳು. ಮುಂದೆ ವೆಲ್ಕ್ರೋ ಇರೋದು ಸೀರೆ ಉಡೋವರಿಗೆ ಬೇಡವೇ ಬೇಡ. ಎರಡನೇ ದಿನಕ್ಕೆ ಅಮ್ಮನ ಕಾಟನ್ ಸೀರೆ ಸೆರಗನ್ನ ವೆಲ್ಕ್ರೋ ಕಚ್ಚಿಕೊಂಡು ಒಂದು ಗೇಣು ನೂಲು ಎಳೆದುಬಿಡ್ತು, ಅಮ್ಮ ಅದನ್ನ ಬೆರಳಲ್ಲಿ ನೀವಿ ನೀವಿ ಒಳಗೆ ಸೇರಿಸೋಕೆ ನೋಡ್ತಾ ಕೂತಿದ್ರು. ಜಿಪ್ ಇರೋದೇ ತಗೊಳ್ಳಿ. ಸೈಜು ಜಾಕೆಟ್ ಮೇಲೆ ಹಾಕಿ ನೋಡಿ, ಸೆರಗನ್ನ ಒಳಗೆ ಸೇರಿಸಿ ವೆಸ್ಟನ್ನ ಎಲ್ಲಕ್ಕಿಂತ ಮೇಲೆ ಹಾಕ್ಬೇಕು. ಮಳೆ ಬಂತು ಅಂತ ವೆಸ್ಟ್ ಮೇಲೆ ರೈನ್‌ಕೋಟ್ ಹಾಕಿದ್ರೆ ಎಲ್ಲಾ ವ್ಯರ್ಥ, ಅಮ್ಮ ಒಂದ್ಸಲ ಹಾಗೇ ಹೊರಟಿದ್ರು, ಬಾಗಿಲಲ್ಲೇ ತಡೆದೆ. ಪಟ್ಟಿ ಪೂರ್ತಿ ಒದ್ದೆಯಾದಾಗ ಹೊಳಪು ಕಮ್ಮಿಯಾಗುತ್ತೆ, ಅದು ನನ್ನ ಕಣ್ಣಿಗೇ ಗೊತ್ತಾಯ್ತು, ಇಲ್ಲಿಯ ಮಳೆ ನಮ್ಮ ಮಲೆನಾಡಿನ ಥರ ಸುರಿದು ಬಿಡೋದಲ್ಲ, ಜಿಟಿಜಿಟಿ ಅಂತ ದಿನವಿಡೀ ಹಿಡಿದಿರುತ್ತೆ. ಇನ್ನೊಂದು ಮುಖ್ಯವಾದ್ದು, ಮನೆಯಿಂದ ಹಿಂದಕ್ಕೆ ರಿವರ್ಸ್ ಬರೋ ಕಾರಿನವರಿಗೆ ಈ ಪಟ್ಟಿ ಅಷ್ಟಾಗಿ ಹೊಳೆಯಲ್ಲ, ಹೆಡ್‌ಲೈಟ್ ನಮ್ಮ ಮೇಲೆ ಬೀಳೋದಿಲ್ಲ ನೋಡಿ. ಅಲ್ಲಿ ಕೆಲಸಕ್ಕೆ ಬರೋದು ಆ ಪುಟ್ಟ ಲೈಟೇ. ಅದರ ಬ್ಯಾಟರಿ ಮಾತ್ರ ಚಳಿಗೆ ಬೇಗ ಇಳಿಯುತ್ತೆ, ದಿನಾ ಫೋನ್ ಜೊತೆ ಅದನ್ನೂ ಚಾರ್ಜಿಗೆ ಹಾಕೋದು ರೂಢಿ ಮಾಡ್ಕೊಂಡ್ವಿ.

ವೆಸ್ಟಿಗೆ 5ಕ್ಕೆ 4 ಕೊಡ್ತೀನಿ. ಆದ್ರೆ ಅಮ್ಮ ಕೇಳಿದ ಪ್ರಶ್ನೆ ತಲೇಲಿ ಉಳ್ಕೊಂಡಿತ್ತು, ಸಿಟಿ ಅಂದ್ಮೇಲೆ ಇಲ್ಲಿ ಯಾಕೆ ಫುಟ್‌ಪಾತ್ ಇಲ್ಲ? ಅದೇ ಸಿಟಿಯ ಬ್ಯಾಲರ್ಡ್ ಕಡೆ ಹೋದ್ರೆ ಎರಡೂ ಬದಿ ಕಾಂಕ್ರೀಟ್ ಫುಟ್‌ಪಾತ್, ಮರ, ಎಲ್ಲಾ ಇದೆ. 85ನೇ ಸ್ಟ್ರೀಟ್ ದಾಟಿ ಉತ್ತರಕ್ಕೆ ಬಂದ್ರೆ ಗೆರೆ ಎಳೆದ ಹಾಗೆ ನಿಂತು ಹೋಗುತ್ತೆ. ಕಾರಣ ಆ ಗೆರೆಯಲ್ಲೇ ಇದೆ. ಒಂದು ಕಾಲಕ್ಕೆ ಸಿಯಾಟಲ್ ಸಿಟಿ ಲಿಮಿಟ್ ಮುಗೀತಾ ಇದ್ದಿದ್ದೇ 85ನೇ ಸ್ಟ್ರೀಟಿಗೆ, ಅದರಾಚೆ ಕೌಂಟಿ ಜಾಗ, ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮನೆಗಳು ದಬದಬ ಎದ್ವು, ಕೌಂಟಿ ನಿಯಮದಲ್ಲಿ ಫುಟ್‌ಪಾತ್ ಕಡ್ಡಾಯ ಇರ್ಲಿಲ್ಲ, ಕಡ್ಡಾಯ ಇಲ್ಲ ಅಂದ್ಮೇಲೆ ಬಿಲ್ಡರ್ ಯಾಕೆ ದುಡ್ಡು ಹಾಕ್ತಾನೆ, ರಸ್ತೆ ಹಾಕಿ ಪಕ್ಕ ಚರಂಡಿ ತೋಡಿ ಮನೆ ಮಾರಿ ಹೋದ. 1954ರಲ್ಲಿ 145ನೇ ಸ್ಟ್ರೀಟ್‌ವರೆಗೂ ಸಿಟಿಗೆ ಸೇರಿಸ್ಕೊಂಡ್ರು. ಸಿಟಿಗೆ ಸೇರಿದ್ರೆ ಫುಟ್‌ಪಾತ್ ಬರುತ್ತೆ ಅಂತ ಮಾತು ಕೊಟ್ಟಿದ್ರು ಅಂತ ಇಲ್ಲಿಯ ಹಳಬರು ಈಗಲೂ ಹೇಳ್ತಾರೆ. ಎಪ್ಪತ್ತು ವರ್ಷ ಆಯ್ತು, ಸಿಟಿಯ ಸುಮಾರು ಕಾಲು ಭಾಗ ರಸ್ತೆಗೆ ಇನ್ನೂ ಫುಟ್‌ಪಾತ್ ಇಲ್ಲ.

ಬೆಂಗಳೂರಿನವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. 2007ರಲ್ಲಿ ಬಿಬಿಎಂಪಿ ಆದಾಗ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಒಳಗೆ ಬಂದ್ವಲ್ಲ, ಪಂಚಾಯ್ತಿ ಕಾಲದಲ್ಲಿ ಎದ್ದ ರೆವಿನ್ಯೂ ಲೇಔಟ್‌ಗಳಲ್ಲಿ ಮನೆ ಮೊದಲು ಬಂತು, ಚರಂಡಿ ಫುಟ್‌ಪಾತ್ ಆಮೇಲೆ ನೋಡೋಣ ಅಂತ ಉಳೀತು. ಅಲ್ಲಿ ಸೈಟು ತಗೊಂಡವರ ಸಂಕಟ ಏನು ಅಂತ ನನ್ನ ಚಿಕ್ಕಪ್ಪನ ಮನೇಲಿ ನೋಡಿದೀನಿ.

ಈಗ ಕಟ್ಟಿದ್ರಾಯ್ತಲ್ಲ ಅಂದ್ರೆ, ಕಾಂಕ್ರೀಟ್ ಸುರಿಯೋದು ದೊಡ್ಡ ಖರ್ಚಲ್ಲ, ನೀರು ದೊಡ್ಡ ಖರ್ಚು. ನಮ್ಮ ಬೀದಿಯ ಮಳೆ ನೀರೆಲ್ಲಾ ಆ ತೆರೆದ ಚರಂಡೀಲಿ ಹೋಗೋದು, ಅದನ್ನ ಮುಚ್ಚಿ ಫುಟ್‌ಪಾತ್ ಮಾಡ್ಬೇಕು ಅಂದ್ರೆ ಕೆಳಗೆ ಪೈಪ್ ಹಾಕ್ಬೇಕು, ಆ ಪೈಪ್ ಎಲ್ಲಿಗೆ ಸೇರ್ಬೇಕು ಅಂತ ನೋಡ್ಬೇಕು, ಕೆಳಗಿನ ತೊರೆಗೆ ಒಮ್ಮೆಲೇ ನೀರು ನುಗ್ಗಬಾರದು. ಇದಕ್ಕೆ ಚೆಂದದ ದಾರಿ ಇಲ್ಲೇ ಬ್ರಾಡ್‌ವ್ಯೂನಲ್ಲೇ ಇದೆ. 2ನೇ ಅವೆನ್ಯೂದಲ್ಲಿ 117ರಿಂದ 120ನೇ ಸ್ಟ್ರೀಟ್‌ವರೆಗೆ ರಸ್ತೇನ ಸ್ವಲ್ಪ ಕಿರಿದು ಮಾಡಿ, ಹಾವಿನ ಥರ ಅಂಕುಡೊಂಕು ಮಾಡಿ, ಬದಿಯಲ್ಲಿ ಗಿಡ ನೆಟ್ಟ ತಗ್ಗು ಬಿಟ್ಟು, ಒಂದು ಬದಿಗೆ ಫುಟ್‌ಪಾತ್ ಕೊಟ್ಟಿದಾರೆ, 2001ರಲ್ಲಿ ಮುಗಿಸಿದ್ದು. ಹೆಚ್ಚುಕಮ್ಮಿ ಎಲ್ಲಾ ಮಳೆ ನೀರೂ ಆ ಗಿಡಗಳ ಬುಡದಲ್ಲೇ ಇಂಗುತ್ತೆ. ಅಮ್ಮನ್ನ ಭಾನುವಾರ ಅಲ್ಲಿಗೆ ಕರ್ಕೊಂಡು ಹೋಗ್ತಿದ್ದೆ, ಅಲ್ಲಿ ಮಾತ್ರ ಅಮ್ಮ ತಿರುತಿರುಗಿ ಹಿಂದೆ ನೋಡ್ದೆ ಮಾತಾಡ್ತಾ ನಡೀತಿದ್ರು. ಬೇಲಿ ಪಕ್ಕದ ಒಂದು ಗಿಡ ನೋಡಿ ಇದು ನಮ್ಮ ಕೆಸುವಿನ ಜಾತೀದೇ ಇರ್ಬೇಕು ಅಂತ ಬಗ್ಗಿ ಎಲೆ ಮುಟ್ಟಿ ನೋಡಿದ್ರು.

ಎಲ್ಲರಿಗೂ ಫುಟ್‌ಪಾತ್ ಬೇಕು ಅಂತಾನೂ ಇಲ್ಲ. ರಸ್ತೆ ಪಕ್ಕದ ಹುಲ್ಲು ಸಿಟಿ ಜಾಗ ಆದ್ರೂ ಜನ ಅಲ್ಲಿ ಬೇಲಿ ಗಿಡ ಬೆಳೆಸಿದಾರೆ, ಬೋಟ್ ನಿಲ್ಲಿಸಿದಾರೆ, ಫುಟ್‌ಪಾತ್ ಬಂದ್ರೆ ಅದೆಲ್ಲಾ ಹೋಗುತ್ತೆ. ಮೇಲಾಗಿ ಇಲ್ಲಿ ಫುಟ್‌ಪಾತ್ ರಿಪೇರಿ, ಹಿಮ ಬಿದ್ರೆ ತೆಗೆಯೋದು ಆಯಾ ಮನೆಯವರ ಜವಾಬ್ದಾರಿ. ನನಗೆ ಅದು ಹೊರೆ ಅನ್ಸಲ್ಲ, ಮನೆ ಮುಂದೆ ಗುಡಿಸಿ ನೀರು ಹಾಕೋರ ಮಗ ನಾನು, ನಾಳೆ ಕಟ್ತೀವಿ ಅಂದ್ರೆ ನಾಳೆನೇ ಸಹಿ ಹಾಕ್ತೀನಿ. 2024ರ ನವೆಂಬರ್‌ನಲ್ಲಿ 155 ಕೋಟಿ ಡಾಲರ್‌ನ ಸಾರಿಗೆ ತೆರಿಗೆಗೆ ಜನ ಓಟು ಹಾಕಿ ಒಪ್ಪಿದ್ರು, ಅದರಲ್ಲಿ 300ಕ್ಕೂ ಹೆಚ್ಚು ಬ್ಲಾಕಿಗೆ ಫುಟ್‌ಪಾತ್ ಅಂತಿದೆ. ನಮ್ಮ ಬೀದಿ ಹೆಸರು ಹಾಕಿ ಸಿಟಿಗೆ ಎರಡು ಸಲ ಬರೆದಿದೀನಿ, ಈ ಕಡೆ ಇರೋ ಕನ್ನಡದವರು ನೀವೂ ನಿಮ್ಮ ಬೀದಿಗೆ ಬರೀರಿ.

ಅಲ್ಲಿವರೆಗೂ ಅಪ್ಪ ಅಮ್ಮ ಬರೋ ಮುಂಚೆನೇ ವೆಸ್ಟ್ ತಂದಿಡಿ, ಜೊತೆಗೆ ಒಂದು ವಿಷಯ ಹೇಳಿಕೊಡಿ. ಇಲ್ಲಿ ಗಾಡಿ ಓಡೋದು ರಸ್ತೆ ಬಲಗಡೆ, ಹಾಗಾಗಿ ಫುಟ್‌ಪಾತ್ ಇಲ್ಲದ ಕಡೆ ಎದುರು ಬರೋ ಗಾಡಿ ಕಣ್ಣಿಗೆ ಕಾಣೋ ಹಾಗೆ ರಸ್ತೆ ಎಡಗಡೆ ನಡೀಬೇಕು, ವಾಷಿಂಗ್ಟನ್ ರಾಜ್ಯದ ಕಾನೂನೇ ಹಾಗಿದೆ. ಎಡಗಡೆ ನಡೆಯೋದು ಅಮ್ಮನಿಗೆ ಮೊದಲೇ ರೂಢಿ, ಆದ್ರೆ ರಸ್ತೆ ದಾಟೋವಾಗ ಮಾತ್ರ ಊರಿನ ಅಭ್ಯಾಸದಲ್ಲಿ ಮೊದಲು ಬಲಕ್ಕೆ ನೋಡ್ತಿದ್ರು, ಇಲ್ಲಿ ಗಾಡಿ ಮೊದಲು ಬರೋದು ಎಡದಿಂದ. ಅದನ್ನ ತಿದ್ದೋಕೆ ಹದಿನೈದು ದಿನ ನಾನೂ ಜೊತೆಗೆ ನಡೆದೆ.

ಏಪ್ರಿಲ್‌ನಲ್ಲಿ ಹೊರಡೋವಾಗ ಅಮ್ಮ ಜಿಪ್ ಇರೋ ಎರಡನೇ ವೆಸ್ಟನ್ನ ಅಪ್ಪನಿಗೆ ಅಂತ ಸೂಟ್‌ಕೇಸಲ್ಲಿ ಇಟ್ಕೊಂಡ್ರು. ಅಪ್ಪ ಬೆಳಿಗ್ಗೆ ಐದೂವರೆಗೆ ಹಾಲು ಹಾಕೋಕೆ ಡೈರಿಗೆ ಹೋಗೋದು ಮೇನ್ ರೋಡಲ್ಲೇ, ಮರಳು ಲಾರಿ ಓಡಾಡೋ ಹೊತ್ತು. ಈಗ ದಿನಾ ಹಾಕ್ಕೊಂಡೇ ಹೋಗ್ತಾರಂತೆ. ಅಲ್ಲಿ ಎದುರು ಗಾಡಿ ಕಾಣ್ಬೇಕು ಅಂದ್ರೆ ಬಲಗಡೆ ನಡೀಬೇಕು ಅಪ್ಪಾ ಅಂತ ಫೋನಲ್ಲಿ ಪ್ರತಿ ಸಲ ಹೇಳ್ತಾ ಇದೀನಿ.