ಸ್ಕೈರಿಮ್: ಆರು ಕಿಲೋಮೀಟರಿನೊಳಗೆ ಒಂದು ದೇಶ

ಅಮೆರಿಕದ ಬೆಥೆಸ್ಡಾ ಕಂಪನಿಯವರು 2011ರಲ್ಲಿ ಬಿಟ್ಟ ಸ್ಕೈರಿಮ್ ಎಂಬ ವಿಡಿಯೋ ಗೇಮ್‌ನಲ್ಲಿ ಇಡೀ ದೇಶದ ವಿಸ್ತಾರ ಸುಮಾರು 37 ಚದರ ಕಿಲೋಮೀಟರ್. ಈ ತುದಿಯಿಂದ ಆ ತುದಿಗೆ ಹೆಚ್ಚುಕಡಿಮೆ ಮೆಜೆಸ್ಟಿಕ್‌ನಿಂದ ಜಯನಗರಕ್ಕೆ ಹೋದಷ್ಟು. ಅಷ್ಟರಲ್ಲೇ ಒಂಬತ್ತು ಸೀಮೆ, ಹಿಮ ತೇಲುವ ಕಡಲು, ಬಿಸಿನೀರಿನ ಬುಗ್ಗೆಗಳ ಬಯಲು. ಆದರೂ ಆಡುವಾಗ ಅದು ಪುಟ್ಟ ದೇಶ ಅನ್ನಿಸುವುದೇ ಇಲ್ಲ.

ಕಾರಣ ಬೆಟ್ಟಗಳು. ವೈಟ್‌ರನ್ ಪೇಟೆಯಲ್ಲಿ ನಿಂತು ತಲೆಯೆತ್ತಿದರೆ ಹೈ ಹ್ರೋತ್ಗರ್ ಮಠದ ಶಿಖರ ಎದುರಿಗೇ ಇದೆ. ಆದರೆ ಮೆಟ್ಟಿಲು ಶುರುವಾಗುವುದು ಬೆಟ್ಟದ ಆಚೆ ಮಗ್ಗುಲಿನ ಐವರ್‌ಸ್ಟೆಡ್ ಹಳ್ಳಿಯಲ್ಲಿ. ಸುತ್ತು ಹಾಕಿಯೇ ಹೋಗಬೇಕು. ಏಳು ಸಾವಿರ ಮೆಟ್ಟಿಲು ಎಂದು ಊರವರು ಹೇಳುತ್ತಾರೆ, ಎಣಿಸಹೋದರೆ ಅದರ ಹತ್ತಿರಕ್ಕೂ ಬರುವುದಿಲ್ಲ. ಜತೆಗೆ ಗಡಿಯಾರದ ಚಮತ್ಕಾರವೂ ಇದೆ. ನಮ್ಮ ಒಂದು ನಿಮಿಷ ಅಲ್ಲಿ ಇಪ್ಪತ್ತು ನಿಮಿಷ, 72 ನಿಮಿಷಕ್ಕೆ ಒಂದು ಹಗಲು-ರಾತ್ರಿ. ನಾನು ಆಡುವುದು ಆಫೀಸು ಮುಗಿಸಿ ವೈಟ್‌ಫೀಲ್ಡಿನಲ್ಲಿ ಮೆಟ್ರೋ ಹತ್ತಿದ ಮೇಲೆ, ನಿಂಟೆಂಡೊ ಸ್ವಿಚ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರದಲ್ಲಿ. ಕೆಂಗೇರಿ ಬರುವಷ್ಟರಲ್ಲಿ ಅಲ್ಲಿ ಸಂಜೆಯಾಗಿ, ರಾತ್ರಿ ಕಳೆದು, ಮತ್ತೆ ಬೆಳಗಾಗಿರುತ್ತದೆ. (ಅಕ್ಷರ ಬಲು ಸಣ್ಣ. ಚಾಳೀಸು ಬಂದವರು ಟಿವಿಗೆ ಹಾಕಿಕೊಳ್ಳಿ.)

ಇದೇ ಸರಣಿಯ 1996ರ ಡ್ಯಾಗರ್‌ಫಾಲ್‌ನಲ್ಲಿ ಭೂಪಟ ಗ್ರೇಟ್ ಬ್ರಿಟನ್ನಿನಷ್ಟಿದೆ ಎಂದು ಹೇಳಿಕೊಂಡಿದ್ದರು. ಬಹುಪಾಲು ಕಂಪ್ಯೂಟರ್ ಲೆಕ್ಕದಿಂದ ಹುಟ್ಟಿಸಿದ ನೆಲ, ಎಷ್ಟು ನಡೆದರೂ ಅದೇ ಹುಲ್ಲು ಅದೇ ಮರ. ನನಗೆ ಈ ಆರು ಕಿಲೋಮೀಟರೇ ಸಾಕು.

ಹವಾಮಾನದ ವಿಷಯಕ್ಕೆ ಬಂದರೆ ನನ್ನ ತಕರಾರಿದೆ. ನಮ್ಮೂರು ತೀರ್ಥಹಳ್ಳಿ ಕಡೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ನೂರು ಕಿಲೋಮೀಟರಿನೊಳಗಿನ ಶಿವಮೊಗ್ಗಕ್ಕೆ ಬಂದರೆ 1,000ದ ಆಸುಪಾಸು. ಹಾಗಾಗಿ ಹವೆ ಥಟ್ಟನೆ ಬದಲಾದರೆ ನನಗೇನೂ ಆಶ್ಚರ್ಯವಿಲ್ಲ, ಬದಲಾಗಲು ಕಾರಣ ಬೇಕು ಅಷ್ಟೆ. ನಮ್ಮಲ್ಲಿ ಮೋಡ ತಡೆಯುವ ಘಟ್ಟವಿದೆ. ಆಟದಲ್ಲಿ ರಿಫ್ಟ್ ಸೀಮೆ ಎತ್ತರದ ಪ್ರಸ್ಥಭೂಮಿ, ಆದರೆ ಅದರ ಬಹುಪಾಲು ಕಾಡಿನಲ್ಲಿ ಹಿಮವಿಲ್ಲ, ಹೊನ್ನೆಲೆಯ ಬರ್ಚ್ ಮರಗಳು. ಅಲ್ಲಿಂದ ತಗ್ಗಿಗೆ ಇಳಿದು ಉತ್ತರಕ್ಕೆ ನಡೆದರೆ ವಿಂಡ್‌ಹೆಲ್ಮ್ ಪಟ್ಟಣ ಹಿಮದಲ್ಲಿ ಹೂತುಕೊಂಡಿದೆ. ಕಿಲೋಮೀಟರ್ ಮೇಲೇರಿದರೆ ಆರೇಳು ಡಿಗ್ರಿ ಇಳಿಯಬೇಕಾದ ಕಡೆ ಲೆಕ್ಕ ತಲೆಕೆಳಗು. ನಾಲ್ಕು ಹೆಜ್ಜೆ ಉತ್ತರಕ್ಕಿಟ್ಟರೆ ಸಾವಿರಾರು ಕಿಲೋಮೀಟರ್ ಧ್ರುವದ ಕಡೆ ಸರಿದಂತೆ. ಪಂಚಾಂಗದಲ್ಲಿ ಹನ್ನೆರಡು ತಿಂಗಳು ಉರುಳುತ್ತವೆ, ಋತು ಮಾತ್ರ ಕದಲುವುದಿಲ್ಲ. ರಿಫ್ಟಿನ ಎಲೆ ಉದುರಿ ಮುಗಿಯುವುದೇ ಇಲ್ಲ.

ವೈಟ್‌ರನ್ ಕೋಟೆಯ ಹೊರಗಿರುವುದು ಮೂರು ಹೊಲ. ಗೋಧಿ, ಎಲೆಕೋಸು, ಆಲೂಗಡ್ಡೆ, ಎಲ್ಲ ಸೇರಿ ನಮ್ಮ ಅಜ್ಜನ ಹಿತ್ತಲಿನಷ್ಟೂ ಇಲ್ಲ. ಊರಿಗೆ ಊರೇ ಇದರಲ್ಲಿ ಹೇಗೆ ಉಣ್ಣುತ್ತದೋ!

ನದಿಗಳಿಗೆ ಮಾತ್ರ ಪೂರ್ತಿ ಅಂಕ. ವೈಟ್ ರಿವರ್ ಇಲಿನಾಲ್ಟಾ ಕೆರೆಯಿಂದ ಹೊರಟು, ರಿವರ್‌ವುಡ್ ಹಳ್ಳಿ ದಾಟಿ, ಅಬ್ಬಿಯಾಗಿ ಧುಮುಕಿ, ವಿಂಡ್‌ಹೆಲ್ಮ್ ಬಳಸಿಕೊಂಡು ಕಡಲು ಸೇರುತ್ತದೆ. ದಾರಿ ತಪ್ಪಿದಾಗ ನೀರಿನ ಜಾಡು ಹಿಡಿದು ಇಳಿದರೆ ಯಾವುದಾದರೊಂದು ಊರು ಸಿಕ್ಕೇ ಸಿಗುತ್ತದೆ.

ಮೂಲ ಆಟದಲ್ಲಿ ಚಳಿ ಬರೀ ನೋಟಕ್ಕೆ, ಬರಿಮೈಯಲ್ಲಿ ಹಿಮದೊಳಗೆ ನಡೆದರೂ ಏನಾಗದು. ಸ್ವಿಚ್ಚಿಗೆ ಕೊಳ್ಳುವುದಾದರೆ ಆನಿವರ್ಸರಿ ಅಪ್‌ಗ್ರೇಡ್ ಎಂಬ ಹೆಚ್ಚುವರಿ ಭಾಗದ ಸಮೇತ ಕೊಳ್ಳಿ. ಅದರ ಸರ್ವೈವಲ್ ಮೋಡ್‌ನಲ್ಲಿ ಚಳಿ, ಹಸಿವು ಎರಡೂ ಕಾಡುತ್ತವೆ, ಭೂಪಟ ಒತ್ತಿ ಊರಿಂದೂರಿಗೆ ಹಾರುವ ಫಾಸ್ಟ್ ಟ್ರಾವೆಲ್ಲೂ ಬಂದ್. ನಡೀಬೇಕು, ಇಲ್ಲವೇ ಕುದುರೆಗಾಡಿಗೆ ಕಾಸು ಕೊಡಬೇಕು.