ದಾವಣಗೆರೆಯ ಒಂದು ಟಿಇಟಿ ಕ್ಲಾಸ್: ಪಿಯಾಜೆ ಗಟ್ಟಿ, ವೈಗೋಟ್‌ಸ್ಕಿ ಅರ್ಧ, ಸ್ಕಿನ್ನರ್ ತಪ್ಪು

ಪಿ.ಜೆ. ಬಡಾವಣೆ ಕಡೆ ವಾರದ ಕೊನೆಗೆ ನಡೆಯುವ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಕ್ಲಾಸೊಂದರ ಶಿಶುವಿಕಾಸದ ಪಾಠ ಮತ್ತು ನೋಟ್ಸ್ ಬಗ್ಗೆ ಇಷ್ಟು. ಎರಡೂ ಪತ್ರಿಕೆಯಲ್ಲಿ 150ಕ್ಕೆ 30 ಅಂಕ ಈ ವಿಷಯದ್ದೇ, ಹಗುರವಾಗಿ ನೋಡುವಂತಿಲ್ಲ.

ಮಗುವಿನ ಯೋಚನೆ ವಯಸ್ಸಿಗೆ ತಕ್ಕಂತೆ ಹಂತಹಂತವಾಗಿ ಬೆಳೆಯುತ್ತದೆ ಎಂದ ಮನೋವಿಜ್ಞಾನಿ ಪಿಯಾಜೆಯ ಪಾಠ ಚೆನ್ನಾಗಿದೆ. ಹಂತಗಳ ವಯಸ್ಸನ್ನು 0–2, 2–7, 7–11, ಅದರ ಮೇಲೆ ಎಂದು ಬಾಯಿಪಾಠ ಮಾಡಿಸಿ ಕೈತೊಳೆದುಕೊಳ್ಳುವುದಿಲ್ಲ. ಸಂರಕ್ಷಣೆಯ (ಪಾತ್ರೆಯ ಆಕಾರ ಬದಲಾದರೂ ಒಳಗಿನದರ ಪ್ರಮಾಣ ಅಷ್ಟೇ ಇರುತ್ತದೆ ಎಂಬ ತಿಳಿವಿನ) ಪ್ರಯೋಗ ಮಾಡಿಯೇ ತೋರಿಸುತ್ತಾರೆ. ಆದರೆ ನಮ್ಮೂರಲ್ಲವೇ, ಬಳಸುವುದು ಮಂಡಕ್ಕಿ! ಅಗಲ ಡಬ್ಬಿಯಿಂದ ಎತ್ತರದ ಡಬ್ಬಿಗೆ ಸುರಿದರೆ ಮಂಡಕ್ಕಿ ಕುಸಿದು ಕೂರುತ್ತದೆ, ನಾಲ್ಕು ಕಾಳು ಹೊರಗೂ ಬೀಳುತ್ತವೆ. ಆಗ ‘ಕಮ್ಮಿ ಆಯ್ತು’ ಅನ್ನುವ ಮಗುವನ್ನು ತಪ್ಪು ಅನ್ನುವುದು ಹೇಗೆ? ಇದಕ್ಕೆ ನೀರೇ ಆಗಬೇಕು. ಒಂದೇ ಥರದ ಎರಡು ಲೋಟದಲ್ಲಿ ನೀರು ಸಮ ಇದೆ ಎಂದು ಮೊದಲು ಮಗುವೇ ಒಪ್ಪಬೇಕು. ಅದರ ಕಣ್ಣೆದುರೇ ಒಂದು ಲೋಟದ ನೀರನ್ನು ಉದ್ದನೆಯ ಸಣ್ಣ ಲೋಟಕ್ಕೆ ಬಗ್ಗಿಸಿ, ಯಾವುದರಲ್ಲಿ ಜಾಸ್ತಿ ಎಂದು ಕೇಳಬೇಕು. ಕೊನೆಗೆ ‘ಯಾಕೆ?’ ಅನ್ನಲೇಬೇಕು. ಅದಿಲ್ಲದಿದ್ದರೆ ಮಗು ತಿಳಿದು ಹೇಳಿತೋ ಊಹಿಸಿತೋ ಗೊತ್ತಾಗುವುದಿಲ್ಲ.

ಮಗು ಬೇರೆಯವರ ಜೊತೆ ಬೆರೆತು ಕಲಿಯುತ್ತದೆ ಎಂದ ವೈಗೋಟ್‌ಸ್ಕಿಯ ಪಾಠ ಅವಸರದ್ದು. ನೋಟ್ಸಿನಲ್ಲಿ ‘ಸ್ಕ್ಯಾಫೋಲ್ಡಿಂಗ್’ (ಕಲಿಯುವ ಮಗುವಿಗೆ ಬೇಕಾದಷ್ಟೇ ಆಸರೆ ಕೊಟ್ಟು, ಕಲಿತಂತೆ ಬಿಡುವುದು) ಪದವೂ ಅವರದೇ ಎಂದಿದೆ. ಅವರು ತೀರಿಕೊಂಡಿದ್ದು 1934ರಲ್ಲಿ. ಆ ಪದ ಈ ಅರ್ಥದಲ್ಲಿ ಬಂದಿದ್ದು 1976ರಲ್ಲಿ, ವುಡ್, ಬ್ರೂನರ್, ರಾಸ್ ಅವರ ಲೇಖನದಲ್ಲಿ. ಅದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ಪಿಯಾಜೆ, ವೈಗೋಟ್‌ಸ್ಕಿ ಇಬ್ಬರನ್ನೂ ಅಕ್ಕಪಕ್ಕ ಕೋಷ್ಟಕದಲ್ಲಿ ಕೂರಿಸಿ, ಇಬ್ಬರೂ ಜಗಳವಾಡುವ ಜಾಗವನ್ನೇ ಬಿಟ್ಟಿದ್ದಾರೆ. ತನ್ನಷ್ಟಕ್ಕೆ ಮಾತಾಡಿಕೊಂಡು ಆಟಿಕೆ ಜೋಡಿಸುವ ಮಗುವಿನದು ಪಿಯಾಜೆ ಲೆಕ್ಕದಲ್ಲಿ ಅಹಂಕೇಂದ್ರಿತ (ಕೇಳುವವರ ಲೆಕ್ಕವಿಲ್ಲದ) ಮಾತು, ಬೆಳೆದಂತೆ ಬಿಟ್ಟುಹೋಗುವಂಥದ್ದು. ವೈಗೋಟ್‌ಸ್ಕಿಗೆ ಅದು ಮಗು ತನ್ನ ಕೆಲಸಕ್ಕೆ ತಾನೇ ದಾರಿ ಹೇಳಿಕೊಳ್ಳುವ ಮಾತು, ಹೋಗುವುದಿಲ್ಲ, ಒಳಮಾತಾಗುತ್ತದೆ. ಇದು ತಲೆಗೆ ಹೋದರೆ ಹೋಲಿಕೆಯ ಪ್ರಶ್ನೆಗಳಿಗೆ ತಡಕಾಡಬೇಕಿಲ್ಲ.

ನೈತಿಕ ಬೆಳವಣಿಗೆಗೆ ಕೋಲ್‌ಬರ್ಗ್ ಹೇಳಿದ್ದು ಮೂರು ಸ್ತರ, ಆರು ಹಂತ. ಮನೋಸಾಮಾಜಿಕ ಬೆಳವಣಿಗೆಗೆ ಎರಿಕ್ಸನ್ ಹೇಳಿದ್ದು ಎಂಟು ಹಂತ. ನೋಟ್ಸಿನಲ್ಲಿ ಎರಡರ ಬಗ್ಗೆಯೂ ತಕರಾರಿಲ್ಲ.

ಫಲ ನೋಡಿ ವರ್ತನೆ ಹೆಚ್ಚುತ್ತದೆ ಇಲ್ಲವೇ ತಗ್ಗುತ್ತದೆ ಎಂದ ಸ್ಕಿನ್ನರ್ ಪುಟ ಮಾತ್ರ ಹರಿದು ಹಾಕುವಂತಿದೆ. ಋಣಾತ್ಮಕ ಪುನರ್ಬಲನ (ಬೇಡದ್ದನ್ನು ತೆಗೆದು ವರ್ತನೆ ಹೆಚ್ಚಿಸುವುದು) ಅಂದರೆ ಶಿಕ್ಷೆ ಎಂದು ಬರೆದಿದ್ದಾರೆ. ಅದು ತಪ್ಪು. ಮಗ್ಗಿ ತಪ್ಪಿಲ್ಲದೆ ಹೇಳಿದವರಿಗೆ ಹೋಂವರ್ಕ್ ಮಾಫಿ ಮಾಡಿ, ಅದರಿಂದ ಮಗ್ಗಿ ಕಲಿಯುವುದು ಹೆಚ್ಚಿದರೆ ಅದು ಋಣಾತ್ಮಕ ಪುನರ್ಬಲನ. ಗಲಾಟೆ ಮಾಡಿದರೆಂದು ಆಟದ ಪೀರಿಯಡ್ ಕಿತ್ತುಕೊಂಡು, ಗಲಾಟೆ ತಗ್ಗಿದರೆ ಅದು ಶಿಕ್ಷೆ. ಎರಡರಲ್ಲೂ ಏನೋ ಒಂದನ್ನು ತೆಗೆಯುತ್ತೇವೆ. ವರ್ತನೆ ಹೆಚ್ಚಿತೋ ತಗ್ಗಿತೋ ಅನ್ನುವುದರಲ್ಲಿದೆ ವ್ಯತ್ಯಾಸ.

ನೋಟ್ಸ್ ಒಂದನ್ನೇ ಕೊಳ್ಳುವ ಯೋಚನೆ ಇದ್ದರೆ ಬೇಡ. ಡೆಮೊ ಕ್ಲಾಸಿಗೆ ಪಿಯಾಜೆ ಪಾಠದ ದಿನ ಕರೆಯುತ್ತಾರೆ. ಸ್ಕಿನ್ನರ್ ಪಾಠದ ದಿನ ಹೋಗಿ ಕೂರಿ.